ಬೆಳ್ಳಿತೆರೆಯ ಸಮರ, ಮನೆಗೆ ಬಂದ ಪತ್ರ

ಮಗನಿಗೆ ಹದಿನೆಂಟು ತುಂಬಿದ ಕೆಲವೇ ದಿನಗಳಲ್ಲಿ ಅಮೆರಿಕ ಸರ್ಕಾರದ ‘ಸೆಲೆಕ್ಟಿವ್ ಸರ್ವಿಸ್’ ವಿಭಾಗದಿಂದ ಶಿಕಾಗೋ ಉಪನಗರದ ನಮ್ಮ ಮನೆಗೆ ಪತ್ರವೊಂದು ಬಂದಿತು. ಊರಿನ ಬಂಧುಗಳಿಗೂ ಇಲ್ಲಿಗೆ ಬರಬಯಸುವವರಿಗೂ ಈ ಸಂಗತಿ ತಿಳಿದಿರಲಾರದು. ಇಲ್ಲಿನ ಪೌರರಷ್ಟೇ ಅಲ್ಲ, ಗ್ರೀನ್ ಕಾರ್ಡ್ ಹೊಂದಿರುವ 18ರಿಂದ 25 ವರ್ಷದ ಯುವಕರ ಹೆಸರೂ ಸೈನ್ಯಭರ್ತಿಯ ಪಟ್ಟಿಯಲ್ಲಿರಬೇಕು. ವಿದ್ಯಾರ್ಥಿ ವೀಸಾ, ಉದ್ಯೋಗ ವೀಸಾಗಳ ಮೇಲಿರುವವರಿಗೆ ಈ ನಿಯಮ ಅನ್ವಯಿಸದು. 1973ರಿಂದೀಚೆಗೆ ಯಾರನ್ನೂ ಕಡ್ಡಾಯವಾಗಿ ಸೇನೆಗೆ ಸೇರಿಸಿಕೊಂಡಿಲ್ಲ. ಆದರೂ ಆ ರಾತ್ರಿ ನನ್ನ ಪತ್ನಿಗೆ ನಿದ್ದೆ ಹತ್ತಲಿಲ್ಲ. ಮಗ ಮಾತ್ರ ನಕ್ಕು, “ಈಗ ಯುದ್ಧ ಮಾಡುವುದು ಡ್ರೋನ್‌ಗಳು, ಅಮ್ಮಾ” ಎಂದ.

ಆ ಮಾತು ನನ್ನನ್ನು ಕಾಡಿತು. ಅವನು ಯುದ್ಧವನ್ನು ಕಂಡಿದ್ದು ತೆರೆಯ ಮೇಲೆ ಮಾತ್ರ.

ಮರುವಾರ ಅವನನ್ನು ವೀಟನ್ ಪಟ್ಟಣದ ಕ್ಯಾಂಟಿನಿ ಉದ್ಯಾನಕ್ಕೆ ಕರೆದೊಯ್ದೆ. ‘ಶಿಕಾಗೋ ಟ್ರಿಬ್ಯೂನ್’ ಪತ್ರಿಕೆಯ ಒಡೆಯರಾಗಿದ್ದ ರಾಬರ್ಟ್ ಮೆಕಾರ್ಮಿಕ್ ಅವರ ಎಸ್ಟೇಟು ಅದು. ಅಲ್ಲಿ ಅಮೆರಿಕದ ಮೊದಲನೇ ಪದಾತಿ ಡಿವಿಷನ್ನಿನ ವಸ್ತುಸಂಗ್ರಹಾಲಯವಿದೆ. ಹೊರಗಿನ ಹುಲ್ಲುಹಾಸಿನಲ್ಲಿ ನಿಂತ ಟ್ಯಾಂಕುಗಳನ್ನು ಏರಿ ಮಕ್ಕಳು ಆಡುತ್ತಿದ್ದರು.

1944ರ ಜೂನ್ 6ರಂದು ನಾರ್ಮಂಡಿಯ ಒಮಾಹಾ ತೀರಕ್ಕೆ ಇಳಿದವರಲ್ಲಿ ಈ ಡಿವಿಷನ್ನಿನ ಯೋಧರೂ ಇದ್ದರು. ಅದೇ ತೀರವನ್ನು ಎರಡು ಚಿತ್ರಗಳು ತೋರಿಸಿದ ಬಗೆಯನ್ನು ಮಗನಿಗೆ ವಿವರಿಸಿದೆ. 1962ರ ‘ದಿ ಲಾಂಗೆಸ್ಟ್ ಡೇ’ಯಲ್ಲಿ ಸೇನಾನಾಯಕರ ಯೋಜನೆಗಳಿವೆ, ದಂಡು ದಂಡಾಗಿ ಮುನ್ನುಗ್ಗುವ ಸೈನಿಕರಿದ್ದಾರೆ. 1998ರ ‘ಸೇವಿಂಗ್ ಪ್ರೈವೇಟ್ ರಯಾನ್’ನಲ್ಲಿ ಕ್ಯಾಮೆರಾ ಸೈನಿಕನ ಜೊತೆ ನೀರಿಗೆ ಬೀಳುತ್ತದೆ, ನಡುಗುತ್ತದೆ. ತೀರ ಬದಲಾಗಿರಲಿಲ್ಲ, ನೋಡುವ ಕಣ್ಣು ಬದಲಾಗಿತ್ತು. ನಡುವೆ ವಿಯೆಟ್ನಾಂ ಯುದ್ಧವು ಟೆಲಿವಿಷನ್ ಮೂಲಕ ಮನೆಮನೆಯ ನಡುಕೋಣೆಗೆ ಬಂದುಹೋಗಿತ್ತು.

1991ರ ಕೊಲ್ಲಿ ಯುದ್ಧದಲ್ಲಿ ಜಗತ್ತು ಬಾಗ್ದಾದಿನ ಆಗಸವನ್ನು ರಾತ್ರಿದೃಷ್ಟಿ ಕ್ಯಾಮೆರಾದ ಹಸಿರು ಬೆಳಕಿನಲ್ಲಿ ಕಂಡಿತು. 2012ರ ‘ಝೀರೋ ಡಾರ್ಕ್ ಥರ್ಟಿ’ಯ ಅಂತಿಮ ಕಾರ್ಯಾಚರಣೆಯಲ್ಲೂ ಆ ಹಸಿರು ಕಾಣುತ್ತದೆ. ನಮ್ಮವರ ಚಿತ್ರಗಳೂ ಹೊರತಲ್ಲ. ರಾಜೇಂದ್ರಸಿಂಗ್ ಬಾಬು ಅವರ 1990ರ ‘ಮುತ್ತಿನ ಹಾರ’ದಲ್ಲಿ ವಿಷ್ಣುವರ್ಧನ್ ಕೊಡಗಿನ ಯೋಧ. ಆ ಯೋಧನ ದಾಂಪತ್ಯ, ಅಗಲಿಕೆ, ಸಂಕಟಗಳೇ ಆ ಚಿತ್ರದ ಜೀವ. 2016ರ ಸರ್ಜಿಕಲ್ ಸ್ಟ್ರೈಕ್ ಆಧರಿಸಿದ 2019ರ ‘ಉರಿ’ಯಲ್ಲಾದರೋ ಹಕ್ಕಿಯಾಕಾರದ ಡ್ರೋನ್ ಹಾರುತ್ತದೆ, ಅಧಿಕಾರಿಗಳು ದೂರದ ಕೋಣೆಯಲ್ಲಿ ಕುಳಿತು ಪರದೆ ನೋಡುತ್ತಾರೆ. ಪ್ರತಿ ಯುದ್ಧವೂ ಮುಂದಿನ ಚಿತ್ರಗಳಿಗೆ ತನ್ನ ಕನ್ನಡಕವನ್ನು ತೊಡಿಸಿ ಹೋಗುತ್ತದೆ. ಇತ್ತೀಚಿನ ಕನ್ನಡಕದಲ್ಲಿ ಗುರಿ ಸ್ಪಷ್ಟವಾಗಿ ಕಾಣುತ್ತದೆ, ಮುಖ ಕಾಣುವುದಿಲ್ಲ. ನನ್ನ ಮಗ ತೊಟ್ಟಿದ್ದು ಇದನ್ನೇ.

ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಡೆಟ್ರಾಯಿಟ್ ಸಮೀಪದ ಕ್ಯಾಂಟನ್‌ನಲ್ಲಿರುವ ಸ್ನೇಹಿತರ ಮನೆಗೆ ಹೋದೆವು. ಆ ಸೀಮೆಯಲ್ಲೇ ಚಿತ್ರೀಕರಣಗೊಂಡ ಕ್ಲಿಂಟ್ ಈಸ್ಟ್‌ವುಡ್ಡರ ‘ಗ್ರ್ಯಾನ್ ಟೊರಿನೊ’ (2008) ಚಿತ್ರವನ್ನು ಎಲ್ಲರೂ ಕುಳಿತು ನೋಡಿದೆವು. ಕಥಾನಾಯಕ ಕೊರಿಯಾ ಯುದ್ಧದಲ್ಲಿ ಕಾದಾಡಿ ಬಂದ, ಫೋರ್ಡ್ ಕಾರ್ಖಾನೆಯ ನಿವೃತ್ತ ಕಾರ್ಮಿಕ. ಪಕ್ಕದ ಮನೆಯವರು ಹ್ಮಾಂಗ್ ಜನ. ವಿಯೆಟ್ನಾಂ ಯುದ್ಧಕಾಲದಲ್ಲಿ ಅಮೆರಿಕದ ಪರ ಹೋರಾಡಿದ್ದಕ್ಕಾಗಿ ನೆಲೆ ಕಳೆದುಕೊಂಡು, ನಮ್ಮಂತೆಯೇ ವಲಸೆ ಬಂದ ಸಮುದಾಯ. ಇರಾಕಿನಿಂದ ಯೋಧರು ಗಾಯಗೊಂಡ ಮನಸ್ಸಿನೊಂದಿಗೆ ಮರಳುತ್ತಿದ್ದ ಕಾಲದ ಚಿತ್ರವಿದು. ಇದರಲ್ಲಿ ರಣರಂಗದ ಒಂದು ದೃಶ್ಯವೂ ಇಲ್ಲ. ನೆಲಮಾಳಿಗೆಯಲ್ಲಿ ಒಂದು ಪದಕವಿದೆ. ಶರಣಾಗಬಯಸಿದ್ದ ಹುಡುಗನೊಬ್ಬನನ್ನು ಕೊಂದ ನೆನಪಿದೆ. ಅರ್ಧ ಶತಮಾನ ಕಳೆದರೂ ಆ ಮುದುಕನಿಗೆ ಅದರಿಂದ ಬಿಡುಗಡೆಯಿಲ್ಲ.

ಶಿಕಾಗೋಗೆ ಹಿಂದಿರುಗುವ ದಾರಿಯಲ್ಲಿ ಮಗ ಬಹಳ ಹೊತ್ತು ಮಾತಾಡಲಿಲ್ಲ. ಇಂಡಿಯಾನಾ ಗಡಿ ದಾಟಿದ ಮೇಲೆ ಕೇಳಿದ: “ಅಪ್ಪಾ, ಡ್ರೋನ್ ನಡೆಸುವವನಿಗೂ ಹಾಗೆ ನೆನಪು ಉಳಿಯುತ್ತದೆಯೇ?”

“ಉಳಿಯುತ್ತದೆ” ಎಂದೆ. ಹಿಂದಿನ ಆಸನದಲ್ಲಿದ್ದ ಅವನ ತಾಯಿ ಕೈಚಾಚಿ ಮಗನ ಭುಜ ಮುಟ್ಟಿದಳು.