ಗ್ಯಾಸೋ ಕರೆಂಟೋ: ನೆಲಮಾಳಿಗೆಯ ಬಿಸಿನೀರಿನ ಲೆಕ್ಕ

ಶಿಕಾಗೋ ಪಕ್ಕದ ನೇಪರ್‌ವಿಲ್, ಶಾಂಬರ್ಗ್ ಇರಲಿ, ಡೆಟ್ರಾಯಿಟ್ ಪಕ್ಕದ ನೋವಾಯ್, ಟ್ರಾಯ್ ಇರಲಿ, ಕನ್ನಡದ ಮನೆಗಳಲ್ಲಿ ವಾಟರ್ ಹೀಟರ್ ಹಳತಾದಾಗ ಎರಡು ಮಾತು ಕೇಳಿಬರುತ್ತವೆ. ಕರೆಂಟಿನದು ನೂರಕ್ಕೆ ನೂರು ದಕ್ಷ, ಗ್ಯಾಸಿನದು ಶಾಖವನ್ನು ಚಿಮಣಿಗೆ ಕಳಿಸುತ್ತದೆ ಎಂಬುದು ಒಂದು. ಏನೇ ಆದರೂ ಗ್ಯಾಸೇ ಅಗ್ಗ ಎಂಬುದು ಇನ್ನೊಂದು. ಮೊದಲನೆಯದು ಭೌತಶಾಸ್ತ್ರದಲ್ಲಿ ಹೆಚ್ಚುಕಡಿಮೆ ಸರಿ, ಬಿಲ್ಲಿನಲ್ಲಿ ತಪ್ಪು. ಎರಡನೆಯದರ ಸರಿತಪ್ಪು ನೀವು ಯಾವ ಕರೆಂಟ್ ಹೀಟರಿಗೆ ಹೋಲಿಸುತ್ತಿದ್ದೀರಿ ಎಂಬುದನ್ನು ಅವಲಂಬಿಸಿದೆ. ಕರೆಂಟ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಯಂತ್ರಗಳಿವೆ: ಊರಿನ ಗೀಸರಿನಂತೆ ಕಾಯಿಲ್‌ನಿಂದ ಕಾಯಿಸುವುದು, ಮತ್ತು ಸುತ್ತಲ ಗಾಳಿಯ ಶಾಖವನ್ನು ಹೀರಿ ನೀರಿಗೆ ಸಾಗಿಸುವ ಹೀಟ್ ಪಂಪ್. ಇವೆರಡನ್ನೂ ಒಟ್ಟಿಗೆ ಕಟ್ಟಿ ಗ್ಯಾಸಿನ ಎದುರು ನಿಲ್ಲಿಸಿದರೆ ಯಾವ ಉತ್ತರವೂ ಸರಿಹೋಗದು.

ಗ್ಯಾಸ್ ಬಿಲ್ಲು ಥರ್ಮ್ ಲೆಕ್ಕದಲ್ಲಿ, ಕರೆಂಟ್ ಬಿಲ್ಲು ಯೂನಿಟ್ ಲೆಕ್ಕದಲ್ಲಿ ಬರುವುದರಿಂದ ಎರಡನ್ನೂ ಒಂದೇ ಅಳತೆಗೆ ತರಬೇಕು. ಒಂದು ಥರ್ಮ್ ಎಂದರೆ 1,00,000 ಬಿಟಿಯು, ಅಂದರೆ 29.3 ಯೂನಿಟ್. ಥರ್ಮ್‌ಗೆ 1 ಡಾಲರ್, ಯೂನಿಟ್‌ಗೆ 18 ಸೆಂಟ್ ಎಂದು ಹಿಡಿಯಿರಿ. ಮಾಮೂಲಿ ಗ್ಯಾಸ್ ಟ್ಯಾಂಕಿನ ದಕ್ಷತೆ 0.62ರ ಆಸುಪಾಸು, ಥರ್ಮ್ ಒಂದರಲ್ಲಿ ನೀರಿಗೆ ದಕ್ಕುವುದು 18 ಯೂನಿಟ್ ಶಾಖ, ತಲಾ ಐದೂವರೆ ಸೆಂಟ್. ಕಾಯಿಲ್ ಹೀಟರಿನ ದಕ್ಷತೆ 0.93 ಇದ್ದರೂ ಅದೇ ಶಾಖಕ್ಕೆ 19 ಸೆಂಟ್ ಬೀಳುತ್ತದೆ, ಅಂದರೆ ಮೂರೂವರೆ ಪಟ್ಟು. ಹೀಟ್ ಪಂಪಿನ ದಕ್ಷತೆ 3.3 ಆದರೆ ಮತ್ತೆ ಐದೂವರೆ ಸೆಂಟ್, ಗ್ಯಾಸಿಗೆ ಸರಿಸಮ. ಹಾಗಾಗಿ ಯೂನಿಟ್ ದರ ಥರ್ಮ್ ದರದ ನೂರಕ್ಕೆ 18ಕ್ಕಿಂತ ಇಳಿದರೆ ಹೀಟ್ ಪಂಪ್ ಗೆಲ್ಲುತ್ತದೆ, ಏರಿದರೆ ಗ್ಯಾಸ್. ಈ ಲೆಕ್ಕಕ್ಕೆ ಬಿಲ್ಲಿನ ಸಪ್ಲೈ ದರವೊಂದನ್ನೇ ಹಿಡಿಯುವವರು ಬಹಳ. ಶಿಕಾಗೋ ಕಡೆಯ ಕರೆಂಟ್ ಕಂಪನಿ ಕಾಮ್‌ಎಡ್ ಆಗಲಿ ಗ್ಯಾಸ್ ಕಂಪನಿ ನೈಕೋರ್ ಆಗಲಿ, ಡೆಲಿವರಿ ಶುಲ್ಕವೂ ಬಳಕೆಯ ಜೊತೆ ಏರುವುದರಿಂದ ಅದನ್ನು ಸೇರಿಸದ ಲೆಕ್ಕ ಲೆಕ್ಕವೇ ಅಲ್ಲ. ಗ್ಯಾಸಿನ ತಿಂಗಳ ಸ್ಥಿರ ಶುಲ್ಕವನ್ನು ಮಾತ್ರ ಬದಿಗಿಡಬೇಕು. ಮನೆ ಬೆಚ್ಚಗಿಡುವ ಫರ್ನೇಸ್ ಗ್ಯಾಸಿನದೇ ಆಗಿರುವ ತನಕ ಹೀಟರ್ ಬದಲಿಸಿದ ಮಾತ್ರಕ್ಕೆ ಆ ಶುಲ್ಕ ತಪ್ಪುವುದಿಲ್ಲ.

ಚಳಿ ದೇಶದಲ್ಲಿ ಗಾಳಿಯಿಂದ ಶಾಖ ಎಲ್ಲಿ ಸಿಕ್ಕೀತು, ಕೊನೆಗೆ ಅದೂ ಫರ್ನೇಸಿನಿಂದ ಕದ್ದದ್ದೇ ತಾನೆ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿದೆ. ಆದರೆ ಅಳೆದು ನೋಡಿ: ಹೀರಿದ ಶಾಖವೆಲ್ಲ ಫರ್ನೇಸಿನದೇ ಎಂದುಕೊಂಡರೂ ಮೇಲಿನ ದರದಲ್ಲಿ ಇನ್ನೆರಡೂವರೆ ಸೆಂಟ್ ಕೂಡಿ ಒಟ್ಟು ಎಂಟಾಗುತ್ತದೆ. ಚಳಿಗಾಲದಲ್ಲಿ ಗ್ಯಾಸಿಗೆ ಸೋತರೂ ಕಾಯಿಲ್‌ನ ಅರ್ಧಕ್ಕಿಂತ ಕಡಿಮೆ. ಬೇಸಿಗೆಯಲ್ಲಿ ಅದೇ ಯಂತ್ರ ನೆಲಮಾಳಿಗೆಯ ತೇವವನ್ನೂ ಹೀರುತ್ತದೆ. ಯಂತ್ರದ ಬೆಲೆ ಮಾತ್ರ ಹೆಚ್ಚು, ಮೇಲಾಗಿ 2,000 ಡಾಲರ್‌ವರೆಗೆ ಸಿಗುತ್ತಿದ್ದ ಕೇಂದ್ರದ ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ಆದ್ದರಿಂದ ನನ್ನ ತೀರ್ಪು ಇಷ್ಟು: ಗ್ಯಾಸ್ ಟ್ಯಾಂಕ್ ಇರುವ ಮನೆಯಲ್ಲಿ ಬರೀ ಹಣದ ಉಳಿತಾಯಕ್ಕೆಂದು ಹೀಟ್ ಪಂಪಿಗೆ ಹಾರಬೇಕಾಗಿಲ್ಲ, ಕಾಯಿಲ್ ಟ್ಯಾಂಕ್ ಇರುವ ಟೌನ್‌ಹೌಸಿನಲ್ಲಿ, ಜಾಗವಿದ್ದರೆ, ಮತ್ತೆ ಕಾಯಿಲ್ ಹಾಕಿಸುವುದು ದಂಡ.

ಟ್ಯಾಂಕ್ ಇಲ್ಲದ ಕರೆಂಟ್ ಹೀಟರ್ ಬೆಂಗಳೂರಿನ ಇನ್‌ಸ್ಟಂಟ್ ಗೀಸರಿನಂತೆ ಸಲೀಸು ಎಂಬ ನಂಬಿಕೆ ಇನ್ನೂ ದುಬಾರಿ. ಮಿಷಿಗನ್ ಸರೋವರದ ನೀರು ಜನವರಿಯಲ್ಲಿ ಹೆಪ್ಪುಗಟ್ಟುವ ಮಟ್ಟಕ್ಕೆ ಸಮೀಪವಿರುತ್ತದೆ. ನಿಮಿಷಕ್ಕೆ 3 ಗ್ಯಾಲನ್ ನೀರನ್ನು 70 ಡಿಗ್ರಿ ಫ್ಯಾರನ್‌ಹೀಟ್ ಏರಿಸಲು ಸುಮಾರು 31 ಕಿಲೋವಾಟ್, ಅಂದರೆ 240 ವೋಲ್ಟಿನಲ್ಲಿ 128 ಆಂಪ್ ಬೇಕು. ಹಳೆಯ ಮನೆಗಳ ಇಡೀ ಪ್ಯಾನೆಲ್ಲೇ 100 ಆಂಪಿನದು. ನೆಂಟರು ತುಂಬಿದ ಮನೆಯಲ್ಲಿ ಗ್ಯಾಸ್ ಟ್ಯಾಂಕ್ ಗೆಲ್ಲುವುದೂ ಇದೇ ಕಾರಣಕ್ಕೆ: ಅದರ ಬರ್ನರ್ ಗಂಟೆಗೆ 40,000 ಬಿಟಿಯು, ಕಾಯಿಲ್ 4,500 ವಾಟ್; ಖಾಲಿಯಾದ ಟ್ಯಾಂಕ್ ಗ್ಯಾಸಿನಲ್ಲಿ ಸುಮಾರು ಇಮ್ಮಡಿ ವೇಗದಲ್ಲಿ ಮತ್ತೆ ಕಾಯುತ್ತದೆ. ಹೀಟ್ ಪಂಪ್ ಇನ್ನೂ ನಿಧಾನ, ಅದಕ್ಕೆ ದೊಡ್ಡ ಟ್ಯಾಂಕೇ ಪರಿಹಾರ.

ಕರೆಂಟ್ ಹೋದರೂ ಗ್ಯಾಸ್ ಹೀಟರ್ ಕೆಲಸ ಮಾಡುತ್ತದೆ ಎಂಬುದು ಪೈಲಟ್ ಜ್ವಾಲೆಯ ಹಳೆಯ ಮಾದರಿಗೆ ನಿಜ. ಹೊಗೆಯನ್ನು ಫ್ಯಾನಿನಿಂದ ಹೊರದೂಡುವ ಮಾದರಿಗಳಿಗೂ ಟ್ಯಾಂಕಿಲ್ಲದ ಗ್ಯಾಸ್ ಹೀಟರಿಗೂ ಕರೆಂಟ್ ಬೇಕೇ ಬೇಕು. 2023ರ ಫೆಬ್ರವರಿಯ ಮಂಜುಗಡ್ಡೆ ಮಳೆಗೆ ಡೆಟ್ರಾಯಿಟ್ ಸುತ್ತ ಲಕ್ಷಾಂತರ ಮನೆಗಳು ಕತ್ತಲಾದಾಗ ಈ ವ್ಯತ್ಯಾಸ ಸಣ್ಣದಾಗಿರಲಿಲ್ಲ.

ಉಳಿದದ್ದು ಭಯ. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರಿನ ಕಾರ್ಬನ್ ಮಾನಾಕ್ಸೈಡ್‌ಗೆ ಜನ ಸತ್ತ ಸುದ್ದಿಗಳನ್ನು ಕರ್ನಾಟಕದ ಪತ್ರಿಕೆಗಳಲ್ಲಿ ಓದಿ ಬಂದವರಿಗೆ ನೆಲಮಾಳಿಗೆಯ ಜ್ವಾಲೆ ಕಂಡರೆ ಅಳುಕು ಸಹಜ. ಇಲ್ಲಿನ ಹೀಟರಿನ ಹೊಗೆ ಕೊಳವೆಯಲ್ಲಿ ಹೊರಹೋಗುತ್ತದೆ. ಇಲಿನಾಯ್‌ನಲ್ಲಿ 2007ರಿಂದ ಮಲಗುವ ಕೋಣೆಯ 15 ಅಡಿಯೊಳಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಬೇಕೆಂಬ ಕಾನೂನೂ ಇದೆ. ಆದರೆ ಒಗ್ಗರಣೆಯ ಘಾಟು ಎಳೆಯಲೆಂದು ಬಲವಾದ ಎಕ್ಸಾಸ್ಟ್ ಹುಡ್ ಹಾಕಿಸಿ, ಕಿಟಕಿಗಳನ್ನೆಲ್ಲ ಬಿಗಿ ಮಾಡಿದ ಮನೆಯಲ್ಲಿ ಆ ಹೊಗೆ ಕೊಳವೆಯಿಂದ ಹಿಂದಕ್ಕೆ, ಮನೆಯೊಳಕ್ಕೆ ಬರಬಹುದು. ಅಂಥ ಮನೆಗೆ ಗ್ಯಾಸೇ ಬೇಕೆಂದರೆ, ಉರಿಯಲು ಬೇಕಾದ ಗಾಳಿಯನ್ನೂ ಹೊರಗಿನಿಂದಲೇ ಎಳೆದುಕೊಳ್ಳುವ, ಎಲ್ಲೆಡೆ ಮುಚ್ಚಿದ ಮಾದರಿಯನ್ನು ಕೇಳಿ ಹಾಕಿಸಬೇಕು.