‘ದೋಣಿ ಬಿಡುವುದಿಲ್ಲ’ ಎನ್ನಬೇಕಾದವರು ಯಾರು?

ಬೆಂಗಳೂರಿಗೆ ನದಿಯಿಲ್ಲ. ಈ ಊರು ಬೆಳೆದದ್ದು ಕೆರೆ ಕಟ್ಟಿಕೊಂಡು. ಹಲಸೂರು ಕೆರೆಯನ್ನೇ ನೋಡಿ: ಸುಮಾರು 123 ಎಕರೆ ವಿಸ್ತಾರ, ಬದಿಯಲ್ಲಿ ಕೆಂಪೇಗೌಡರ ಹೆಸರಿನ ಗಡಿಗೋಪುರ, ಒಂದು ದಡಕ್ಕೆ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸೇನಾ ನೆಲೆ, ಇನ್ನೊಂದು ದಡಕ್ಕೆ ಕೆನ್ಸಿಂಗ್ಟನ್ ರಸ್ತೆಯ ಗಿಜಿಗಿಜಿ. ಕೆರೆ ಕಟ್ಟಿದವರ ಮನಸ್ಸಿನಲ್ಲಿದ್ದದ್ದು ಕುಡಿಯುವ ನೀರು, ಗದ್ದೆ, ದನಕರು. ದೋಣಿ ಇಲ್ಲಿಗೆ ಬಂದದ್ದು ತೀರಾ ತಡವಾಗಿ, ಆಚೆ ದಡ ಸೇರಿಸುವ ವಾಹನವಾಗಿ ಅಲ್ಲ, ಭಾನುವಾರ ಸಂಜೆಯ ವಿಹಾರವಾಗಿ. ಈ ಒಂದು ಸಂಗತಿಯಲ್ಲೇ ನಮ್ಮ ದೋಣಿ ಸುರಕ್ಷತೆಯ ಅರ್ಧ ಕಥೆಯಿದೆ. ದೋಣಿಯ ಕಾನೂನುಗಳೆಲ್ಲ ಸಾಗಣೆಗಾಗಿ ಹುಟ್ಟಿದವು. ನಮ್ಮ ಕೆರೆಗಳ ದೋಣಿಗಳು ಮೋಜಿಗಾಗಿ ಹುಟ್ಟಿದವು. ಎರಡರ ನಡುವೆ ಉಳಿದ ಸಂದಿಯಲ್ಲಿ ಜೀವಗಳು ಜಾರಿಹೋಗಿವೆ.

ನದಿ ಸೀಮೆಯವರಿಗೆ ಕಾನೂನು ಬರುವ ಮೊದಲೇ ನಿಯಮವಿತ್ತು. ತುಂಗಭದ್ರೆಯಲ್ಲಿ ಹರಿಗೋಲು ಹಾಕುವವನಿಗೂ, ಕಾವೇರಿಯಲ್ಲಿ ತೆಪ್ಪ ನಡೆಸುವವನಿಗೂ, ಶರಾವತಿಯ ಕಡವಿನಲ್ಲಿ ಹುಟ್ಟು ಹಿಡಿದವನಿಗೂ ಒಂದು ಅಧಿಕಾರ ತಾನಾಗಿಯೇ ಇತ್ತು. ‘ಈಗ ನೀರು ಸರಿಯಿಲ್ಲ, ಬಿಡಲ್ಲ’ ಎಂದರೆ ಊರಿನ ಗೌಡನೂ ದಡದಲ್ಲಿ ಕಾಯಬೇಕು. ಆ ಮಾತಿಗೆ ಬೆಲೆ ಬಂದದ್ದು ಮೂರು ಕಾರಣಕ್ಕೆ. ನೀರನ್ನು ಬಲ್ಲವನು ಅಂಬಿಗ. ದೋಣಿಯ ಮೇಲೆ ಹಿಡಿತವಿದ್ದವನೂ ಅವನೇ. ಮುಳುಗಿದರೆ ಜೊತೆಗೆ ಮುಳುಗುವವನೂ ಅವನೇ. ತಿಳಿವಳಿಕೆ, ಅಧಿಕಾರ, ಅಪಾಯ ಮೂರೂ ಒಬ್ಬನಲ್ಲೇ ಕೂಡಿದ್ದವು. ವಿಹಾರದ ದೋಣಿಯಲ್ಲಿ ಈ ಮೂರೂ ಬೇರೆ ಬೇರೆಯಾದವು. ಟಿಕೆಟ್ ಹರಿಯುವವರು ದಡದ ಕೌಂಟರ್‌ನಲ್ಲಿ, ಮೋಟಾರು ನಡೆಸುವವನು ಸಂಬಳಕ್ಕೆ ದುಡಿಯುವವನು, ಅಪಾಯವನ್ನು ಹೊರುವವರು ನೀರಿನ ಗಂಧವೂ ಇಲ್ಲದ ಪ್ರವಾಸಿಗರು ಮತ್ತು ಅವರ ಮಕ್ಕಳು. ದೋಣಿ ಸುರಕ್ಷತೆಯ ನಿಯಮಗಳ ಇತಿಹಾಸವೆಂದರೆ, ಅಂಬಿಗನ ಬಾಯಲ್ಲಿದ್ದ ಆ ‘ಇಲ್ಲ’ ಎಂಬ ಮಾತನ್ನು ಬೇರೆ ಎಲ್ಲಾದರೂ ಇರಿಸಲು ನಡೆದ ಪ್ರಯತ್ನ. ಇಂದಿಗೂ ಆ ಮಾತಿಗೆ ನಮ್ಮ ಕೆರೆದಂಡೆಯಲ್ಲಿ ಗಟ್ಟಿ ನೆಲೆ ಸಿಕ್ಕಿಲ್ಲ ಎಂಬುದೇ ಈ ಲೇಖನದ ವಾದ.

ಆ ಮಾತನ್ನು ಹಡಗಿನ ಮೈಮೇಲೆಯೇ ಬರೆಯಿಸಿದ ಕೀರ್ತಿ ಇಂಗ್ಲೆಂಡಿನ ಸಂಸದ ಸ್ಯಾಮ್ಯುಯೆಲ್ ಪ್ಲಿಮ್ಸಾಲ್‌ಗೆ ಸಲ್ಲುತ್ತದೆ. ಹೆಚ್ಚು ಸರಕು ತುಂಬಿ, ಹೆಚ್ಚು ಮೊತ್ತಕ್ಕೆ ವಿಮೆ ಮಾಡಿಸಿ ಹಳೆಯ ಹಡಗುಗಳನ್ನು ಕಡಲಿಗೆ ಬಿಡುತ್ತಿದ್ದ ಮಾಲೀಕರ ವಿರುದ್ಧ ಅವರು ವರ್ಷಗಟ್ಟಲೆ ಹೋರಾಡಿದರು. ಅದರ ಫಲ 1876ರ ಕಾನೂನು. ಹಡಗಿನ ಹೊರಮೈಯಲ್ಲಿ ಒಂದು ಗೆರೆ ಇರಬೇಕು, ಭಾರ ತುಂಬಿದಾಗ ನೀರು ಆ ಗೆರೆಯನ್ನು ದಾಟಬಾರದು. ಎಲ್ಲರ ಕಣ್ಣಿಗೂ ಕಾಣುವ ಸಾಕ್ಷಿ ಅದು. ಅಕ್ಷರ ಬಾರದವನೂ ದಡದಲ್ಲಿ ನಿಂತು ಓದಬಹುದಾದ ಕಾನೂನು. ನಮ್ಮ ದೇಶದ ಒಳನಾಡಿನ ನೀರಿಗೆ ಇದೇ ವಿಚಾರವನ್ನು ಅನ್ವಯಿಸಿದ ಕಾನೂನುಗಳಲ್ಲೊಂದು 1917ರ ಒಳನಾಡು ಉಗಿ ಹಡಗುಗಳ ಕಾಯ್ದೆ. ಹಡಗಿನ ತಪಾಸಣೆಯಾಗಬೇಕು, ಎಷ್ಟು ಜನ ಹತ್ತಬಹುದೆಂದು ಪ್ರಮಾಣಪತ್ರದಲ್ಲಿ ಬರೆದಿರಬೇಕು, ನಡೆಸುವವನ ಅರ್ಹತೆ ಪರೀಕ್ಷೆಯಾಗಿರಬೇಕು ಎಂಬ ಮೂರು ಕಂಬಗಳು ಆ ಕಾಯ್ದೆಯಲ್ಲೇ ಇದ್ದವು. ಒಳನಾಡಿನ ನೀರು ಎಂಬ ಅದರ ವ್ಯಾಖ್ಯೆಯಲ್ಲಿ ಕಾಲುವೆ, ನದಿಗಳ ಜೊತೆ ಕೆರೆ ಸರೋವರಗಳೂ ಸೇರಿದ್ದವು. ಆದರೆ ಬರೆದವರ ಕಣ್ಣ ಮುಂದಿದ್ದದ್ದು ಗಂಗೆ, ಬ್ರಹ್ಮಪುತ್ರಗಳ ಉಗಿ ಹಡಗು. ಆಗಿನ್ನೂ ಸಿವಿಲ್ ಆ್ಯಂಡ್ ಮಿಲಿಟರಿ ಸ್ಟೇಷನ್ ಎನಿಸಿಕೊಂಡು ಬ್ರಿಟಿಷರ ಆಡಳಿತದಲ್ಲೇ ಇದ್ದ ಬೆಂಗಳೂರಿನ ದಂಡು ಪ್ರದೇಶದ ಕೆರೆಯಲ್ಲಿ ಮುಂದೆ ಹತ್ತು ಜನರನ್ನು ಕೂರಿಸಿಕೊಂಡ ಮೋಟಾರು ದೋಣಿ ಸುತ್ತು ಹಾಕೀತೆಂಬ ಕಲ್ಪನೆ ಅವರಿಗೆ ಬರುವಂತಿರಲಿಲ್ಲ.

ಅಷ್ಟರಲ್ಲಿ ಜಗತ್ತಿನ ಇನ್ನೊಂದು ಮೂಲೆಯಲ್ಲಿ ದೋಣಿಯ ಸ್ವಭಾವವೇ ಬದಲಾಗಿತ್ತು. ಅಮೆರಿಕದ ಮಿಲ್ವಾಕಿಯಲ್ಲಿ ಓಲೆ ಎವಿನ್‌ರೂಡ್ 1909ರಲ್ಲಿ ರೂಪಿಸಿದ, ದೋಣಿಯ ಹಿಂಬದಿಗೆ ಕಚ್ಚಿಸುವ ಪುಟ್ಟ ಮೋಟಾರು ಮನೆಮಾತಾಯಿತು. ಹುಟ್ಟು ಹಾಕುವ ತೋಳಿನ ಬಲ ಬೇಡ, ನೀರಿನ ಪರಿಚಯವೂ ಬೇಡ, ಹಗ್ಗ ಎಳೆದರೆ ಸಾಕು. ಕೌಶಲವಿಲ್ಲದ ಕೈಗೆ ವೇಗ ಬಂತು. ಅದರೊಂದಿಗೆ ಹೊಸ ಅಪಾಯಗಳೂ ಬಂದವು: ನೀರಿನಡಿ ತಿರುಗುವ ರೆಕ್ಕೆ, ಪೆಟ್ರೋಲಿನ ಆವಿ, ನಡೆಸುವವನು ನೀರಿಗೆ ಬಿದ್ದ ಮೇಲೂ ತಾನಾಗಿ ಓಡುವ ದೋಣಿ. ಅದಕ್ಕಾಗಿಯೇ ಚಾಲಕನ ಸೊಂಟಕ್ಕೋ ಮಣಿಕಟ್ಟಿಗೋ ಸಿಕ್ಕಿಸುವ ಸುರುಳಿ ಹಗ್ಗವೊಂದು ಇರುತ್ತದೆ. ಅವನು ಬಿದ್ದರೆ ಅದು ಕಿತ್ತುಬಂದು ಎಂಜಿನ್ ನಿಲ್ಲುತ್ತದೆ. ಸಣ್ಣ ಮೋಟಾರು ದೋಣಿ ನಡೆಸುವವರು ಈ ಸಂಪರ್ಕವನ್ನು ಬಳಸಲೇಬೇಕೆಂದು ಅಮೆರಿಕ ಕಡ್ಡಾಯ ಮಾಡಿದ್ದು 2021ರಲ್ಲಷ್ಟೇ. ಎದುರುಬದುರಾದ ಎರಡು ಮೋಟಾರು ದೋಣಿಗಳು ತಂತಮ್ಮ ಬಲಕ್ಕೆ ಸರಿಯಬೇಕು ಎಂಬುದು ನೀರಿನ ಸಂಚಾರ ನಿಯಮ. ರಸ್ತೆಯಲ್ಲಿ ಎಡಕ್ಕೆ ಹೋಗಿ ಅಭ್ಯಾಸವಾದ ನಮಗೆ ಇದು ತಾನಾಗಿ ಬರುವುದಿಲ್ಲ, ಕಲಿಸಿಯೇ ಕೊಡಬೇಕು. ಕಾರು ಓಡಿಸಬಲ್ಲವನು ದೋಣಿಯನ್ನೂ ಓಡಿಸಬಲ್ಲ ಎಂಬ ನಂಬಿಕೆ ಇಲ್ಲಿಯೇ ಬಿದ್ದುಹೋಗುತ್ತದೆ.

1917ರ ಕಾಯ್ದೆಯಡಿ ನಿಯಮ ಮಾಡುವ ಕೆಲಸ ರಾಜ್ಯಗಳ ಪಾಲಿಗೆ ಬಂತು, ಹೆಚ್ಚಿನವು ಸಾವು ಬಾಗಿಲು ಬಡಿಯುವವರೆಗೆ ಎದ್ದು ಕೂರಲಿಲ್ಲ. ಕೇರಳದ ಕಥೆ ಇದಕ್ಕೆ ಸ್ಪಷ್ಟ ನಿದರ್ಶನ. 2002ರ ಜುಲೈನಲ್ಲಿ ಕುಮರಕಂನಲ್ಲಿ ಸರ್ಕಾರಿ ಪ್ರಯಾಣಿಕ ದೋಣಿ ಮುಳುಗಿ 29 ಜನ ಸತ್ತರು. 2007ರಲ್ಲಿ ತಟ್ಟೇಕ್ಕಾಡ್‌ನಲ್ಲಿ ಶಾಲಾ ಮಕ್ಕಳೂ ಶಿಕ್ಷಕರೂ ಸೇರಿ 18 ಜನ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ ಪ್ರವಾಸೋದ್ಯಮ ನಿಗಮದ ‘ಜಲಕನ್ಯಕ’ ಮಗುಚಿ 45 ಜನ. ಇಷ್ಟಾದ ಮೇಲೆ 2010ರಲ್ಲಿ ಕೇರಳದ ಒಳನಾಡು ನೌಕಾ ನಿಯಮಗಳು ಬಂದವು. ತೇಕ್ಕಡಿಯಲ್ಲಿ ಆದದ್ದೇನೆಂದು ನಿಧಾನವಾಗಿ ನೋಡಬೇಕು. ಜನ ಕುಳಿತಿರುವಾಗ ಭಾರದ ಕೇಂದ್ರ ದೋಣಿಯ ತಳಕ್ಕೆ ಹತ್ತಿರವಿರುತ್ತದೆ. ಎದ್ದು ನಿಂತರೆ ಅದು ಮೇಲೇರುತ್ತದೆ, ಮಹಡಿಯ ದೋಣಿಯಾದರೆ ಇನ್ನೂ ಮೇಲಕ್ಕೆ. ದಡದಲ್ಲಿ ಕಾಡುಪ್ರಾಣಿ ಕಂಡಿತೆಂದು ಎಲ್ಲರೂ ಒಂದೇ ಬದಿಗೆ ಸರಿದರೆ ಅಂಚು ನೀರಿಗೆ ಬಾಗುತ್ತದೆ. ಒಂದಿಷ್ಟು ನೀರು ಒಳನುಗ್ಗಿದರೆ ಅದು ನಿಂತಲ್ಲಿ ನಿಲ್ಲದೆ ತಗ್ಗಾದ ಬದಿಗೇ ಓಡುತ್ತದೆ, ತಗ್ಗಿದ್ದು ಇನ್ನಷ್ಟು ತಗ್ಗುತ್ತದೆ. ಅಲ್ಲಿಂದ ಮುಂದಿನದು ಕೆಲವೇ ಕ್ಷಣಗಳ ಮಾತು, ಜಾಕೆಟ್ ಹುಡುಕಲೂ ಪುರುಸೊತ್ತಿಲ್ಲ. ಕೂತಲ್ಲೇ ಕೂರಿ, ಹತ್ತುವ ಮೊದಲೇ ಜಾಕೆಟ್ ಕಟ್ಟಿಕೊಳ್ಳಿ ಎಂಬ ಎರಡು ನಿಯಮಗಳು ಹುಟ್ಟಿದ್ದು ಈ ಕೆಲವು ಕ್ಷಣಗಳ ಲೆಕ್ಕದಿಂದ. ಅವು ಯಾರದೋ ಕಿರಿಕಿರಿಯ ಸ್ವಭಾವದಿಂದ ಬಂದವಲ್ಲ.

2017ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ದೋಣಿ ಸುರಕ್ಷತೆಗೆಂದೇ ಮಾರ್ಗಸೂಚಿ ಹೊರಡಿಸಿತು. ಎರಡು ವರ್ಷವೂ ಆಗಿರಲಿಲ್ಲ, 2019ರ ಜನವರಿ 21ರಂದು ಕಾರವಾರದ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ನಮ್ಮದೇ ರಾಜ್ಯದಲ್ಲಿ 16 ಜನ ಸತ್ತರು. ಹಳೆಯ ಕಾಯ್ದೆಯನ್ನು ತೆಗೆದುಹಾಕಿ ಸಂಸತ್ತು ಒಳನಾಡು ನೌಕೆಗಳ ಕಾಯ್ದೆಯನ್ನು ಅಂಗೀಕರಿಸಿದ್ದು 2021ರಲ್ಲಿ. ಜಾರಿಗೆ ಬಂದದ್ದು ಮರುವರ್ಷ. ದೇಶಕ್ಕೆಲ್ಲ ಒಂದೇ ಬಗೆಯ ನೋಂದಣಿ ಮತ್ತು ತಪಾಸಣೆ, ಅಲೆಯ ಎತ್ತರಕ್ಕೆ ತಕ್ಕಂತೆ ನೀರಿನ ವಲಯ ವಿಂಗಡಣೆ, ಚಾಲಕರಿಗೆ ಅರ್ಹತಾ ಪತ್ರ, ವಿಮೆ, ಅಪಘಾತವಾದರೆ ವಿಚಾರಣೆ ಎಲ್ಲವೂ ಅದರಲ್ಲಿವೆ. ಮೋಟಾರಿಲ್ಲದ ದೋಣಿಗಳನ್ನು ಸ್ಥಳೀಯ ಆಡಳಿತದ ಪಟ್ಟಿಗೆ ಸೇರಿಸುವ ವ್ಯವಸ್ಥೆಯೂ ಇದೆ. ಕಾಗದದ ಮೇಲೆ ಇದು ಒಳ್ಳೆಯ ಕಾನೂನೇ.

‘ಇದೆಲ್ಲ ಹಿನ್ನೀರಿಗೆ, ಕಡಲಿಗೆ ಸರಿ, ಊರೊಳಗಿನ ಕೆರೆಗೆ ಇಷ್ಟೆಲ್ಲ ಏಕೆ’ ಎಂದು ಕೇಳುವವರಿದ್ದಾರೆ. ಇವರಿಗೆ ಉತ್ತರ ವಡೋದರದಲ್ಲಿದೆ. ಅಲ್ಲಿನ ಹರ್ಣಿ ಕೆರೆ ನಗರದೊಳಗಿನ, ನಮ್ಮ ಹಲಸೂರು ಕೆರೆಯಂತೆಯೇ ಸುತ್ತಲೂ ರಸ್ತೆ ಮನೆಗಳಿರುವ ಕೆರೆ. 2024ರ ಜನವರಿ 18ರಂದು ಶಾಲಾ ಪ್ರವಾಸಕ್ಕೆ ಬಂದ ಮಕ್ಕಳನ್ನು ಮಿತಿಮೀರಿ ತುಂಬಿಕೊಂಡ ದೋಣಿ ಅಲ್ಲಿ ಮಗುಚಿತು. 12 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಹಲವರಿಗೆ ಲೈಫ್ ಜಾಕೆಟ್ ಇರಲಿಲ್ಲ. ದಡ ಕಣ್ಣಿಗೆ ಕಾಣುತ್ತಿತ್ತು ಎಂಬುದು ಆ ಮಕ್ಕಳನ್ನು ಉಳಿಸಲಿಲ್ಲ. ಊರ ಕೆರೆಗೆ ತನ್ನದೇ ಅಪಾಯಗಳಿವೆ: ತಳದಲ್ಲಿ ಕಾಲು ಹೂತುಹೋಗುವ ಹೂಳು, ಮೋಟಾರಿನ ರೆಕ್ಕೆಗೆ ಸುತ್ತಿಕೊಳ್ಳುವ ಅಂತರಗಂಗೆ, ಕಣ್ಣಿಗೆ ಏನೂ ಕಾಣದ ಕೊಳಚೆ ನೀರು. ಎದೆಮಟ್ಟದ ನೀರೂ ಗಾಬರಿಗೊಂಡ ಮಗುವಿಗೆ ಮುಳುಗುವಷ್ಟು ಆಳವೇ.

‘ಖಾಸಗಿಯವರಿಗೆ ಕೊಟ್ಟದ್ದೇ ತಪ್ಪು, ಸರ್ಕಾರವೇ ನಡೆಸಿದರೆ ಸಾಕು’ ಎಂಬುದು ಇನ್ನೊಂದು ಮಾತು. ಈ ವಿವಾದ ಬೆಂಗಳೂರಿನ ಪೂರ್ವ ಭಾಗಕ್ಕೆ ಹೊಸದಲ್ಲ. 2002ರಲ್ಲಿ ಹುಟ್ಟಿದ ಕೆರೆ ಅಭಿವೃದ್ಧಿ ಪ್ರಾಧಿಕಾರ ಕೆ.ಆರ್. ಪುರದ ವೆಂಗಯ್ಯನಕೆರೆಯೂ ಸೇರಿ ಹೆಬ್ಬಾಳ, ನಾಗವಾರ, ಅಗರ ಕೆರೆಗಳನ್ನು ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆ ಕೊಟ್ಟಾಗ ಜನ ಸಿಡಿದೆದ್ದರು, ಪ್ರಕರಣ ಹೈಕೋರ್ಟ್ ಮೆಟ್ಟಿಲೇರಿತು, 2012ರಲ್ಲಿ ಕೆರೆಗಳನ್ನು ಕಾಯುವ ದಿಕ್ಕಿನ ಮಹತ್ವದ ಆದೇಶವೂ ಬಂತು. ಕೆರೆ ಎಲ್ಲರ ಸ್ವತ್ತಾಗಿ ಉಳಿಯಬೇಕೆಂಬ ಆ ಹೋರಾಟ ನ್ಯಾಯವಾದದ್ದು. ಆದರೆ ದೋಣಿ ಸುರಕ್ಷತೆಯ ಪ್ರಶ್ನೆಗೆ ಅದರಿಂದ ಉತ್ತರ ಸಿಗದು. ಕುಮರಕಂ, ತೇಕ್ಕಡಿಯ ದೋಣಿಗಳು ಸರ್ಕಾರದವು. ಹರ್ಣಿಯದು ಪಾಲಿಕೆಯ ಗುತ್ತಿಗೆದಾರರದು. 2023ರ ಮೇ 7ರಂದು 22 ಜನರನ್ನು ಬಲಿ ಪಡೆದ ಕೇರಳದ ತಾನೂರಿನ ದೋಣಿ ಖಾಸಗಿಯದು, ಮೀನು ಹಿಡಿಯುವ ದೋಣಿಯನ್ನೇ ವಿಹಾರಕ್ಕೆ ಮಾರ್ಪಡಿಸಿದ್ದು. ಮಾಲೀಕರು ಬೇರೆ ಬೇರೆ, ಸಾವು ಒಂದೇ ಬಗೆಯದು. ಎಲ್ಲ ಕಡೆಯೂ ಜನರನ್ನು ಹತ್ತಿಸಿಕೊಂಡಷ್ಟೂ ಲಾಭವೋ ಒತ್ತಡವೋ ಯಾರಿಗಿತ್ತೋ, ‘ಸಾಕು, ಇನ್ನು ಬೇಡ’ ಎನ್ನಬೇಕಾದ ಹೊಣೆಯೂ ಅವರದೇ ಆಗಿತ್ತು.

ಕಾನೂನಿನ ಕಟ್ಟಡದಲ್ಲಿ ಬಿರುಕಿರುವುದು ಈ ಜಾಗದಲ್ಲೇ. ವರ್ಷಕ್ಕೊಮ್ಮೆ ಬರುವ ತಪಾಸಣೆ ದೋಣಿಯ ಗಟ್ಟಿತನವನ್ನು ನೋಡುತ್ತದೆ, ಭಾನುವಾರ ಸಂಜೆ ಐದಕ್ಕೆ ಅದರೊಳಗೆ ಎಷ್ಟು ಜನ ಹತ್ತಿದರೆಂದು ನೋಡುವುದಿಲ್ಲ. ನಮ್ಮ ರಾಜ್ಯದ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ಕೇಂದ್ರ ಬಹುಕಾಲ ಇದ್ದದ್ದು ಕಾರವಾರದಲ್ಲಿ. ಕರಾವಳಿಗೆ ಅದು ಸಹಜ, ಹಲಸೂರಿಗೆ ಅದು ನೂರಾರು ಕಿಲೋಮೀಟರ್ ದೂರ. ಆದ್ದರಿಂದ ಆ ‘ಇಲ್ಲ’ವನ್ನು ದೋಣಿ ಹತ್ತುವ ಕಟ್ಟೆಗೇ ತರಬೇಕು. ಜನಮಿತಿಯ ಸಂಖ್ಯೆ ಪ್ಲಿಮ್ಸಾಲ್‌ನ ಗೆರೆಯಂತೆ ದೋಣಿಯ ಮೈಮೇಲೂ ಟಿಕೆಟ್ ಕೌಂಟರಿನ ಮೇಲೂ ದೊಡ್ಡದಾಗಿ ಇರಲಿ. ಶಿವಾಜಿನಗರ, ಹಲಸೂರಿನ ಕೆರೆದಂಡೆಗೆ ಕನ್ನಡದ ಜೊತೆ ತಮಿಳು, ಉರ್ದು ಓದುವವರೂ ಬರುತ್ತಾರೆಂಬುದು ನೆನಪಿರಲಿ. ಕಟ್ಟೆಯ ಮೇಲೆ ನಿಲ್ಲುವ ಸುರಕ್ಷತಾ ಸಿಬ್ಬಂದಿ ಟಿಕೆಟ್ ಹಣಕ್ಕೆ ಸಂಬಂಧವೇ ಇಲ್ಲದ ಕಡೆಯಿಂದ, ಅಗ್ನಿಶಾಮಕ ಮತ್ತು ತುರ್ತು ಸೇವೆಯಂಥ ಇಲಾಖೆಯಿಂದ ಸಂಬಳ ಪಡೆಯಲಿ. ಗಾಳಿ ಎದ್ದರೆ, ಕತ್ತಲು ಕವಿದರೆ, ಜಾಕೆಟ್ ಸಾಲದಿದ್ದರೆ ದೋಣಿ ನಿಲ್ಲಿಸುವ ಲಿಖಿತ ಅಧಿಕಾರ ಆ ವ್ಯಕ್ತಿಗಿರಲಿ. ನಿಲ್ಲಿಸಿದ್ದಕ್ಕೆ ಚಾಲಕನ ಕೂಲಿ ಒಂದು ರೂಪಾಯಿಯೂ ಕಡಿತವಾಗದಿರಲಿ.

ಖರ್ಚು ಹೆಚ್ಚುತ್ತದೆ, ಸಣ್ಣವರ ಹೊಟ್ಟೆಪಾಡಿಗೆ ಕಲ್ಲು ಬೀಳುತ್ತದೆ ಎಂಬ ಆಕ್ಷೇಪ ಗಂಭೀರವಾದದ್ದು, ತಳ್ಳಿಹಾಕುವಂತಿಲ್ಲ. ಆದರೆ ಲೆಕ್ಕ ಹಾಕಿ ನೋಡಿದರೆ ದುಬಾರಿ ಎನಿಸುವುದು ಕಡಿಮೆ. ನೀರಿನಲ್ಲಿ ಮನುಷ್ಯನ ದೇಹ ತಾನೇ ಬಹುಪಾಲು ತೇಲುತ್ತದೆ, ಬಾಯಿ ಮೂಗು ಮೇಲಿರಲು ಬೇಕಾದ ಹೆಚ್ಚಿನ ಆಸರೆ ಕೆಲವೇ ಕಿಲೋಗ್ರಾಂ. ಆದರೂ ಜಾಕೆಟ್‌ಗಳೆಲ್ಲ ಒಂದಲ್ಲ. 50 ನ್ಯೂಟನ್ ಎಂಬ ಗುರುತಿನದು ಈಜು ಬಲ್ಲವರಿಗೆ ನೆರವು ಮಾತ್ರ. ಪ್ರಜ್ಞೆ ತಪ್ಪಿದವರನ್ನು ಮುಖ ಮೇಲಾಗಿ ತಿರುಗಿಸಲು 100 ನ್ಯೂಟನ್ ಅಥವಾ ಅದಕ್ಕೆ ಮೇಲಿನದು ಬೇಕು. ದೊಡ್ಡವರ ಜಾಕೆಟ್ ತೊಟ್ಟ ಮಗು ನೀರಿಗೆ ಬಿದ್ದರೆ ಜಾಕೆಟ್ ಮೇಲೇಳುತ್ತದೆ, ಮಗು ಕೆಳಗೆ ಜಾರುತ್ತದೆ. ಅದಕ್ಕೇ ಮಕ್ಕಳ ಅಳತೆಯದು, ತೊಡೆಸಂದಿಯ ಪಟ್ಟಿಯೂ ಇರುವುದು ಬೇಕು. ಇದು ತಿಳಿವಳಿಕೆಯ ಖರ್ಚು, ಹಣದ ಖರ್ಚು ಅದರಲ್ಲಿ ಸಣ್ಣ ಪಾಲು. ಸಣ್ಣ ದೋಣಿಯವರಿಗೆ ಆ ಪಾಲನ್ನೂ ಸರ್ಕಾರ ಹೊರಬಹುದು. ಹೊಟ್ಟೆಪಾಡನ್ನು ನಿಜಕ್ಕೂ ಕಿತ್ತುಕೊಳ್ಳುವುದು ನಿಯಮವಲ್ಲ, ದುರಂತ. ಒಂದು ದೋಣಿ ಮಗುಚಿದರೆ ಇಡೀ ಕೆರೆಯ ವಿಹಾರ ನಿಂತುಹೋಗುತ್ತದೆ, ತಪ್ಪು ಮಾಡದ ಚಾಲಕರೂ ಮನೆಯಲ್ಲಿ ಕೂರುತ್ತಾರೆ.

ಕೆರೆಯ ಮೇಲೊಂದು ಸುತ್ತು ಹೋಗುವ ಆಸೆ ಒಳ್ಳೆಯದು. ಕಾಂಕ್ರೀಟಿನ ನಡುವೆ ಬೆಳೆಯುವ ಮಕ್ಕಳಿಗೆ ನೀರಿನ ಮೇಲೆ ತೇಲುವ ಅನುಭವ ಸಿಗಲೇಬೇಕು; ತಾವು ತೇಲಿದ ಕೆರೆಯನ್ನು ಜನ ಕಾಪಾಡಿಕೊಳ್ಳುವುದೂ ಹೆಚ್ಚು. ಆ ಸುತ್ತು ಶುರುವಾಗುವ ಮುನ್ನ ಕಟ್ಟೆಯ ಮೇಲೆ ನಿಂತು ತಲೆ ಎಣಿಸುವ, ಮಗುವಿನ ಜಾಕೆಟ್ಟಿನ ಪಟ್ಟಿ ಎಳೆದು ನೋಡುವ, ‘ಈ ಸಲ ಇಷ್ಟೇ ಜನ, ಉಳಿದವರು ಮುಂದಿನ ಸುತ್ತಿಗೆ ಬನ್ನಿ’ ಎನ್ನುವ ಒಬ್ಬರು ಇರಬೇಕು. ನದಿ ಸೀಮೆಯವರು ಅಂಬಿಗನ ಮಾತಿಗೆ ದಡದಲ್ಲಿ ಕಾದದ್ದು ಅವಮಾನವೆಂದುಕೊಳ್ಳಲಿಲ್ಲ. ನದಿಯಿಲ್ಲದ ಊರಿನವರಾದ ನಾವೂ ಆ ಕಾಯುವಿಕೆಯನ್ನು ಕಲಿಯಬೇಕು.