ಮರಿಗೆ ಈಜು ಕಲಿಸಿದ ಬಗೆ

ನಾಯಿಗೆ ಈಜು ಹುಟ್ಟಿನಿಂದಲೇ ಬರುತ್ತದೆ, ಅದನ್ನು ಕಲಿಸುವುದೇನಿದೆ ಎಂಬ ಮಾತು ನಮ್ಮ ಸೀಮೆಯಲ್ಲಿ ರೂಢಿಯಾಗಿದೆ. ನಾವೂ ಬಹುಕಾಲ ಹಾಗೆಯೇ ನಂಬಿದ್ದೆವು. ಆ ನಂಬಿಕೆಯಿಂದ ಮನೆಯ ಮರಿಯೊಂದು ಪ್ರಾಣ ಕಳೆದುಕೊಳ್ಳುವುದರಲ್ಲಿತ್ತು. ಅದನ್ನು ಬಂಧುಗಳ ಮುಂದಿಡುವುದು ನಮ್ಮ ಕರ್ತವ್ಯವೆಂದು ಬಗೆದಿದ್ದೇವೆ.

ನಮ್ಮ ಮೊಮ್ಮಗನು ಲ್ಯಾಬ್ರಡಾರ್ ರಿಟ್ರೀವರ್ ಮರಿಯೊಂದನ್ನು ಮನೆಗೆ ತಂದನು. ಈ ತಳಿಯ ಮೂಲ ಕೆನಡಾ ದೇಶದ ನ್ಯೂಫೌಂಡ್‌ಲೆಂಡ್ ದ್ವೀಪ. ಅಲ್ಲಿ ಬೆಸ್ತರೊಡನೆ ದುಡಿಯುತ್ತಿದ್ದ ನಾಯಿಗಳನ್ನು 19ನೆಯ ಶತಮಾನದ ಮೊದಲ ಭಾಗದಲ್ಲಿ ಬ್ರಿಟನ್ನಿಗೆ ತಂದು ಬೆಳೆಸಿದರು. 1903ರಲ್ಲಿ ಅಲ್ಲಿಯ ಕೆನೆಲ್ ಕ್ಲಬ್ ಈ ತಳಿಗೆ ಮಾನ್ಯತೆ ನೀಡಿತು. ಬೇಟೆಗಾರನು ಹೊಡೆದ ಹಕ್ಕಿಯನ್ನು ನೀರಿನಿಂದಲೂ ನೆಲದಿಂದಲೂ ಮೆಲ್ಲನೆ ಕಚ್ಚಿ ತರುವುದೇ ಅದರ ಕೆಲಸ. ರಿಟ್ರೀವರ್ ಎಂಬ ಹೆಸರು ಅದರಿಂದಲೇ ಬಂದುದು. ಬೆರಳುಗಳ ನಡುವೆ ಚರ್ಮದ ಪೊರೆ, ನೀರು ಸುಲಭವಾಗಿ ಇಳಿಯದ ಎರಡು ಪದರದ ರೋಮ, ಚುಕ್ಕಾಣಿಯಂತಹ ದಪ್ಪ ಬಾಲ, ಇವೆಲ್ಲ ಅದಕ್ಕೆ ಪ್ರಕೃತಿದತ್ತ.

ಇಷ್ಟಿದ್ದ ಮೇಲೆ ಕಲಿಸುವುದೇನು ಎಂದುಕೊಂಡೆವು. ನಾಲ್ಕು ತಿಂಗಳ ಮರಿಯನ್ನು ಹೊಲದ ಕೃಷಿಹೊಂಡಕ್ಕೆ ಎಸೆಯಿರೆಂದು ಹೇಳಿದವರು ನಾವೇ. ಮರಿ ಮುಂಗಾಲುಗಳಿಂದ ನೀರನ್ನು ಬಡಿಯಿತು, ಹಿಂಭಾಗ ಮುಳುಗತೊಡಗಿತು. ಹೇಗೋ ದಂಡೆ ಮುಟ್ಟಿತು. ಆದರೆ ಹೊಂಡಕ್ಕೆ ಹೊದಿಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿ ಜಾರುತ್ತಿತ್ತು. ಮೂರು ಸಲ ಏರಿತು, ಮೂರು ಸಲವೂ ಜಾರಿತು. ನಮ್ಮ ಮಗನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಅದನ್ನು ಮೇಲೆತ್ತಿದನು. ಅಂದಿನಿಂದ ಮರಿ ಸ್ನಾನದ ಬಕೆಟ್ ಕಂಡರೂ ಮೂಲೆ ಸೇರುತ್ತಿತ್ತು. "ಅಜ್ಜಾ, ಇದರ ತಪ್ಪೇನೈತಿ?" ಎಂದು ಮೊಮ್ಮಗನು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ಆಗ ನಮ್ಮ ಬಾಲ್ಯ ನೆನಪಾಯಿತು. ಮಠದಲ್ಲಿ ಓದುತ್ತಿದ್ದಾಗ ಹಿರಿಯರೊಬ್ಬರು ನಮ್ಮ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಬಾವಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿಸಿ, ಹೊಟ್ಟೆಯ ಕೆಳಗೆ ಕೈಯಿಟ್ಟು ಈಜು ಕಲಿಸಿದ್ದರು. ಹಾಗೆ ಕಲಿತವರೇ ಮೂಕಪ್ರಾಣಿಯನ್ನು ಎಸೆಯಲು ಹೇಳಿದೆವಲ್ಲ ಎಂದು ನಾಚಿದೆವು.

ಪಶುವೈದ್ಯರ ಸಲಹೆ ಪಡೆದು, ಲಸಿಕೆಗಳೆಲ್ಲ ಮುಗಿದ ಬಳಿಕ ಹೊಸದಾಗಿ ಆರಂಭಿಸಿದೆವು. ಹೊಂಡವನ್ನು ಬಿಟ್ಟು, ಮರಳು ತಳದ, ಸೆಳವಿಲ್ಲದ ತಿಳಿನೀರಿನ ಹಳ್ಳವನ್ನು ಆರಿಸಿಕೊಂಡೆವು. ಬಿಸಿಲೇರಿದ ಮೇಲೆ, ಉಣಿಸುವುದಕ್ಕೆ ಮೊದಲು ಕರೆದೊಯ್ಯುತ್ತಿದ್ದೆವು. ಮೊದಲು ನಾವೇ ನೀರಿಗಿಳಿದು ನಿಲ್ಲುವುದು. ಬಂದರೆ ಹೊಗಳುವುದು, ಬಾರದಿದ್ದರೆ ಎಳೆಯದಿರುವುದು. ಮೊದಲ ವಾರ ಪಾದ ನೆನೆದರೆ ಸಾಕೆನಿಸಿತು. ಬಳಿಕ ಬೆನ್ನ ಮೇಲೆ ಹಿಡಿಕೆಯಿರುವ ತೇಲುವ ಅಂಗಿ ತೊಡಿಸಿ, ಹೊಟ್ಟೆಯ ಕೆಳಗೆ ಕೈಯಿಟ್ಟು ಹಿಂಭಾಗವನ್ನು ಎತ್ತಿ ಹಿಡಿದೆವು. ಹಿಂಗಾಲುಗಳೂ ಆಡತೊಡಗಿದಾಗ ನೀರು ಬಡಿಯುವುದು ತಾನೇ ನಿಂತಿತು. ದಿನಕ್ಕೆ ಐದೇ ನಿಮಿಷ. ದಣಿಯುವ ಮೊದಲೇ ಮುಗಿಸುವುದು. ಪ್ರತಿಸಲವೂ ಒಂದೇ ದಾರಿಯಿಂದ ದಡಕ್ಕೆ ಕರೆತಂದೆವು. ಈಜಿಗಿಂತಲೂ ಹೊರಬರುವ ದಾರಿಯನ್ನು ಅರಿಯುವುದೇ ಜೀವ ಉಳಿಸುವ ವಿದ್ಯೆ.

ಕೆಲವು ಎಚ್ಚರಗಳನ್ನು ಮರೆಯಬಾರದು. ಹಸಿರು ಕೆನೆಗಟ್ಟಿದ ನೀರಿನಲ್ಲಿ ವಿಷವಿರಬಹುದು. ನಿಂತ ಕೊಳಕು ನೀರಿನಿಂದ ಇಲಿಜ್ವರ ತಗಲಬಹುದು. ವಸ್ತುವನ್ನು ಕಚ್ಚಿ ತರುವಾಗ ನಾಯಿ ನೀರನ್ನು ನುಂಗುತ್ತದೆ; ಅದು ಅತಿಯಾದರೆ ರಕ್ತದ ಲವಣಾಂಶ ಕುಸಿದು ಪ್ರಾಣಕ್ಕೇ ಅಪಾಯ. ಆದ್ದರಿಂದ ನಡುನಡುವೆ ವಿಶ್ರಾಂತಿ ಕೊಡಬೇಕು. ಈಜಿದ ಬಳಿಕ ಶುದ್ಧ ನೀರಿನಿಂದ ಮೈ ತೊಳೆದು, ಜೋಲುಕಿವಿಗಳನ್ನು ಒಣಗಿಸಬೇಕು. ತೇವ ಉಳಿದರೆ ಕಿವಿ ಕೀವುಗಟ್ಟುವುದುಂಟು.

ಎರಡು ತಿಂಗಳ ಬಳಿಕ ಒಂದು ಮುಂಜಾನೆ ಮೊಮ್ಮಗನು ಎಸೆದ ಕೋಲನ್ನು ಹಿಂಬಾಲಿಸಿ ಮರಿ ತಾನಾಗಿಯೇ ಆಳಕ್ಕೆ ಹೋಯಿತು. ತಲೆಯೆತ್ತಿ ಸದ್ದಿಲ್ಲದೆ ಈಜಿ ಬಂದು, ಕೋಲನ್ನು ನಮ್ಮ ಕಾಲಬಳಿ ಇಟ್ಟಿತು. ನೀರಿಗೆ ಎಸೆಯಲು ಹೇಳಿದವರಾರೆಂಬುದನ್ನು ಅದು ಮರೆತಿರಬಹುದು, ನಾವು ಮರೆತಿಲ್ಲ.

ಈಗ ನಮ್ಮ ಹೊಂಡದ ಸುತ್ತ ತಂತಿಬೇಲಿಯಿದೆ; ನಾಲ್ಕೂ ಬದಿಗೆ ನೀರಿನವರೆಗೆ ಹಗ್ಗದ ಬಲೆಗಳನ್ನು ಇಳಿಬಿಟ್ಟಿದ್ದೇವೆ. ಹೊಂಡವಿರುವ ಬಂಧುಗಳು ನಾಯಿ ಸಾಕಲಿ, ಬಿಡಲಿ, ಈ ಕೆಲಸವನ್ನು ಇಂದೇ ಮಾಡಬೇಕೆಂದು ಪ್ರಾರ್ಥಿಸುತ್ತೇವೆ. ಆ ಜಾರುವ ಹಾಳೆಯ ಬಳಿ ಮನೆಯ ಮಕ್ಕಳೂ ಆಡುತ್ತಿರುತ್ತಾರೆ.